ಮಿದುಳಿನ ತರಬೇತಿಗೆ ದುಡ್ಡು ಕಟ್ಟಿಸಿಕೊಳ್ಳುವ ಮುನ್ನ ನಿಜ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ಒಂದು ಭಾನುವಾರ ನಿಮ್ಮ ಪತ್ರಿಕೆ ಬಿಡಿಸಿದಾಗ ಒಳಗಿಂದ ಒಂದು ಕರಪತ್ರ ಬಿತ್ತು. ನುಣುಪು ಕಾಗದ, ನಡುವೆ ಮಿದುಳಿನ ಬಣ್ಣದ ಚಿತ್ರ. ಮಾತ್ರೆ ಬೇಡ, ಅಡ್ಡಪರಿಣಾಮ ಇಲ್ಲ, ನ್ಯೂರೋಫೀಡ್‌ಬ್ಯಾಕ್‌ನಿಂದ ಮಿದುಳಿಗೆ ತರಬೇತಿ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಕೆಳಗೆ ಕಾಯಿಲೆಗಳ ಪಟ್ಟಿ: ಗಮನ ನಿಲ್ಲದ ಮಕ್ಕಳು, ಆಟಿಸಂ, ಖಿನ್ನತೆ, ಆತಂಕ, ನಿದ್ದೆ ಬಾರದಿರುವುದು, ಮೈಗ್ರೇನ್, ಫಿಟ್ಸ್, ಪಾರ್ಶ್ವವಾಯು, ಮರೆವು. ಫಿಟ್ಸ್ ಎಂಬ ಮಾತು ನೋಡಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು 31 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಇಇಜಿ ಟೆಕ್ನಿಷಿಯನ್ ಆಗಿದ್ದವಳು. ನಿವೃತ್ತಿಯಾಗಿ ಐದು ವರ್ಷವಾಯಿತು. ತಲೆಯ ಮೇಲೆ ತಂತಿ ಅಂಟಿಸಿ, ಮಿದುಳಿನಲ್ಲಿ ಹುಟ್ಟುವ ವಿದ್ಯುತ್ತನ್ನು ಗೆರೆಗಳಾಗಿ ಬರೆಸುವ ಪರೀಕ್ಷೆ ಅದು. ತಲೆಸ್ನಾನ ಮಾಡಿ ಬನ್ನಿ, ಎಣ್ಣೆ ಹಚ್ಚಬೇಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟರೂ ಅರ್ಧಕ್ಕರ್ಧ ಹೆಣ್ಣುಮಕ್ಕಳು ಎಣ್ಣೆ ಹಚ್ಚಿ ಜಡೆ ಹೆಣೆದುಕೊಂಡೇ ಬರುತ್ತಿದ್ದರು. ದೊಡ್ಡಾಸ್ಪತ್ರೆಗೆ ಹೋಗುವಾಗ ತಲೆ ಕೆದರಿಕೊಂಡು ಹೋಗುವುದು ಹೇಗೆ, ಅಲ್ವಾ? ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಟೇಪಿನಲ್ಲಿ ಅಳೆದು, ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಒಂದೊಂದೇ ಎಲೆಕ್ಟ್ರೋಡಿಗೆ ಪೇಸ್ಟ್ ಹಚ್ಚಿ ಕೂರಿಸುತ್ತಿದ್ದೆ. ಹರ್ಬರ್ಟ್ ಜಾಸ್ಪರ್ 1958ರಲ್ಲಿ ಬರೆದಿಟ್ಟ ಅಳತೆಯನ್ನೇ ಇವತ್ತಿಗೂ ಎಲ್ಲ ಕಡೆ ಬಳಸುತ್ತಾರೆ. ಕಾಗದ ಓಡುತ್ತಿದ್ದ ಕಾಲದಲ್ಲಿ ಸೆಕೆಂಡಿಗೆ ಮೂರು ಸೆಂಟಿಮೀಟರ್. ಹತ್ತು ಸೆಕೆಂಡಿಗೆ ಒಂದು ಪುಟ.

ಆ ಗೆರೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಆಲ್ಫಾ ಅಲೆ. ರೋಗಿಗೆ ಕಣ್ಣು ಮುಚ್ಚಿ ಎಂದರೆ ಸಾಕು, ಹಿಂದಲೆಯ ಗೆರೆಗಳು ಸೆಕೆಂಡಿಗೆ ಎಂಟೋ ಹತ್ತೋ ಅಲೆಗಳಾಗಿ ಸಾಲು ಕಟ್ಟಿಕೊಂಡು ಏಳುತ್ತವೆ. ಕಣ್ಣು ಬಿಡಿ ಎಂದ ತಕ್ಷಣ ಅಡಗುತ್ತವೆ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ಅಲೆಯನ್ನು ಮೊದಲು ಹಿಡಿದದ್ದು 1924ರಲ್ಲಿ. ಐದು ವರ್ಷ ಯಾರಿಗೂ ಹೇಳದೆ ಮತ್ತೆ ಮತ್ತೆ ಪರೀಕ್ಷಿಸಿ 1929ರಲ್ಲಿ ಪ್ರಕಟಿಸಿದರು. ಆ ತಾಳ್ಮೆಯ ಕತೆಯನ್ನು ನಮಗೆ ತರಬೇತಿಯಲ್ಲಿ ಹೇಳಿದ್ದರು. ನಾನು ಮರೆತಿಲ್ಲ.

ನ್ಯೂರೋಫೀಡ್‌ಬ್ಯಾಕ್ ಹುಟ್ಟಿದ್ದು ಇದೇ ಇಇಜಿಯಿಂದ. ನಮ್ಮ ಮಿದುಳಿನ ಅಲೆಯನ್ನು ಆ ಕ್ಷಣವೇ ನಮಗೇ ತೋರಿಸುವುದು. ಬೇಕಾದ ಅಲೆ ಬಂದರೆ ಗಂಟೆಯೋ ಆಟವೋ ಸಂಗೀತವೋ ಮುಂದುವರಿಯುತ್ತದೆ, ಬರದಿದ್ದರೆ ನಿಲ್ಲುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿದರೆ ಆ ಅಲೆಯನ್ನು ಹೆಚ್ಚಿಸಿಕೊಳ್ಳುವುದನ್ನು ಮಿದುಳು ಕಲಿಯುತ್ತದೆ ಎಂಬುದು ಇದರ ಹಿಂದಿನ ಯೋಚನೆ. ಇದು ಬುಡವಿಲ್ಲದ ಮಾತಲ್ಲ. ಅಮೆರಿಕದಲ್ಲಿ ಜೋ ಕಾಮಿಯಾ ಅವರು ತಮ್ಮಲ್ಲಿ ಆಲ್ಫಾ ಅಲೆ ಇದೆಯೋ ಇಲ್ಲವೋ ಎಂದು ಜನ ಗುರುತಿಸಬಲ್ಲರು ಎಂದು ತೋರಿಸಿದರು. ಕ್ಯಾಲಿಫೋರ್ನಿಯಾದ ಬ್ಯಾರಿ ಸ್ಟರ್ಮನ್ 1960ರ ದಶಕದಲ್ಲಿ ಬೆಕ್ಕುಗಳಿಗೆ ಸೆಕೆಂಡಿಗೆ 12ರಿಂದ 15ರ ಒಂದು ಅಲೆಯನ್ನು ಹೆಚ್ಚಿಸಿಕೊಳ್ಳಲು ಕಲಿಸಿದರು. ಆಮೇಲೆ ರಾಕೆಟ್ ಇಂಧನದ ವಿಷದ ಪರೀಕ್ಷೆಯಲ್ಲಿ, ಕಲಿತ ಬೆಕ್ಕುಗಳಿಗೆ ಫಿಟ್ಸ್ ಬರುವುದು ತಡವಾಯಿತು. 1972ರಲ್ಲಿ ಫಿಟ್ಸ್ ಇದ್ದ ಯುವತಿಯೊಬ್ಬಳಿಗೆ ಇದನ್ನೇ ಮಾಡಿ ಗುಣ ಕಂಡಿತೆಂದು ವರದಿ ಮಾಡಿದರು. ನಮ್ಮ ನಿಮ್ಹಾನ್ಸ್‌ನಲ್ಲೂ ತಲೆಗೆ ಪೆಟ್ಟು ಬಿದ್ದು ನೆನಪು, ಗಮನ ಕಳೆದುಕೊಂಡವರ ಮೇಲೆ ಇದರ ಅಧ್ಯಯನಗಳು ನಡೆದಿವೆ. ಅಲ್ಲಿ ಓದಿದವರು ಮಾಡುತ್ತಾರೆ, ಅಳೆದು ಬರೆದಿಡುತ್ತಾರೆ. ಅದಕ್ಕೆ ನನ್ನ ಗೌರವವಿದೆ.

ನನ್ನ ದೂರು ಬೇರೆ. ಅದಕ್ಕೆ ಮೊಮ್ಮಗನ ವಿಷಯ ಹೇಳಬೇಕು.

ಅವನಿಗೆ ಈಗ ಹತ್ತು ವರ್ಷ. ಹೋದ ವರ್ಷ ನಾಲ್ಕನೇ ತರಗತಿಯಲ್ಲಿ ದಿನಾ ಡೈರಿಯಲ್ಲಿ ಒಂದಲ್ಲ ಒಂದು ದೂರು ಬರುತ್ತಿತ್ತು. ಕೂತಲ್ಲಿ ಕೂರುವುದಿಲ್ಲ, ಅರ್ಧ ಲೆಕ್ಕ ಮಾಡಿ ಬಿಡುತ್ತಾನೆ, ಪಕ್ಕದವರ ಪೆನ್ಸಿಲ್ ಕೀಳುತ್ತಾನೆ. ಮಗಳು ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅಳುವುದನ್ನು ಎರಡು ಸಲ ನೋಡಿದ್ದೇನೆ. ಅಷ್ಟರಲ್ಲಿ ಇಂಥದೇ ಒಂದು ಕರಪತ್ರ ಬಂತು. ಮಾತ್ರೆ ಬೇಡ ಎಂಬ ಮಾತು ಅವಳನ್ನು ಹಿಡಿಯಿತು. ಯಾವ ತಾಯಿಗೆ ತಾನೇ ಮಗುವಿನ ತಲೆಗೆ ಮಾತ್ರೆ ಕೊಡಲು ಮನಸ್ಸು ಬರುತ್ತದೆ? ಸಿಟಿಂಗ್‌ಗೆ 1,500 ರೂಪಾಯಿ, 40 ಸಿಟಿಂಗ್. ಒಟ್ಟಿಗೆ ಕಟ್ಟಿದರೆ 48,000. ಅವಳು ಚೀಟಿ ಹಣ ಎತ್ತಿ ಕಟ್ಟಿಬಿಟ್ಟಳು. ನನಗೆ ಹೇಳಿದ್ದು ಕಟ್ಟಿದ ಮೇಲೆ.

ನಾಲ್ಕನೆಯ ಸಿಟಿಂಗ್‌ಗೆ ನಾನೂ ಜೊತೆಗೆ ಹೋದೆ. ಬೆಳಗ್ಗೆ ಏಳಕ್ಕೆ. ಮೊದಲ ಮಹಡಿಯಲ್ಲಿ ಎ.ಸಿ. ಹಾಕಿದ ಕೋಣೆ, ಗೋಡೆಯ ಮೇಲೆ ದೊಡ್ಡ ಟಿ.ವಿ. ಒಬ್ಬ ಹುಡುಗಿ ಮೊಮ್ಮಗನ ತಲೆಗೆ ಕ್ಯಾಪ್ ತೊಡಿಸಿದಳು. ಬಹಳ ಒಳ್ಳೆಯ ಮಾತಿನ ಹುಡುಗಿ, ಅವಳ ಮೇಲೆ ನನಗೆ ಏನೂ ಸಿಟ್ಟಿಲ್ಲ. ಅಳತೆ ತೆಗೆಯಲಿಲ್ಲ. ಹಣೆಯ ಹತ್ತಿರ ಕ್ಯಾಪ್ ಒಂದು ಬೆರಳಷ್ಟು ಮೇಲೆ ಎದ್ದಿತ್ತು. ಟಿ.ವಿ.ಯಲ್ಲಿ ಒಂದು ಕೆಂಪು ಕಾರು. ಒಳ್ಳೆಯ ಅಲೆ ಬಂದರೆ ಕಾರು ಓಡುತ್ತದೆ, ಗಮನ ತಪ್ಪಿದರೆ ನಿಲ್ಲುತ್ತದೆ ಎಂದು ಹೇಳಿದರು.

ಕಾರು ಮೊದಲು ನಿಂತು ನಿಂತು ಹೋಯಿತು. ಆಮೇಲೆ ಒಂದೇ ಸಮನೆ ಓಡತೊಡಗಿತು. ಹುಡುಗಿ ಚಪ್ಪಾಳೆ ತಟ್ಟಿದಳು. ನನ್ನ ಕಣ್ಣು ಮಾತ್ರ ಕಾರಿನ ಮೇಲೆ ಇರಲಿಲ್ಲ, ಅವನ ಕಪೋಲದ ಮೇಲಿತ್ತು. ಕಿವಿಯ ಮುಂದಿನ ಸ್ನಾಯು ಗಂಟು ಕಟ್ಟಿಕೊಂಡಿತ್ತು. ಅವನು ಹಲ್ಲು ಕಚ್ಚಿದಾಗಲೆಲ್ಲ ಕಾರು ಓಡುತ್ತಿತ್ತು. ಬಿಟ್ಟಾಗ ನಿಧಾನವಾಗುತ್ತಿತ್ತು.

ಇದು ಏಕೆ ಎಂದು ಓದುಗರಿಗೆ ಹೇಳಬೇಕು. ಮಿದುಳಿನ ಅಲೆ ಬಹಳ ಸಣ್ಣದು. ಒಂದು ವೋಲ್ಟನ್ನು ಹತ್ತು ಲಕ್ಷ ಭಾಗ ಮಾಡಿದರೆ, ಅದರಲ್ಲಿ ಕೆಲವು ಹತ್ತು ಭಾಗ ಅಷ್ಟೆ. ದವಡೆಯ, ಹಣೆಯ ಸ್ನಾಯು ಬಿಗಿದರೆ ಹುಟ್ಟುವ ವಿದ್ಯುತ್ತು ಅದಕ್ಕಿಂತ ಎಷ್ಟೋ ಜಾಸ್ತಿ. ಆ ಸ್ನಾಯುವಿನ ಗೆರೆ ಒತ್ತೊತ್ತಾಗಿ, ದಟ್ಟವಾಗಿ ಬರುತ್ತದೆ. ಗಮನದ ಅಲೆ ಎಂದು ಹೇಳುವ ಬೀಟಾ ಅಲೆಯೂ ವೇಗದ ಅಲೆಯೇ. ಕಾಗದದ ಮೇಲೆ ನೋಡುವ ಕಣ್ಣಿಗೆ ಎರಡರ ವ್ಯತ್ಯಾಸ ತಿಳಿಯುತ್ತದೆ. ಸರಿಯಾಗಿ ಹೊಂದಿಸದ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಇಇಜಿ ಮಾಡುವಾಗ ನಾವು ದಿನಕ್ಕೆ ಎಷ್ಟು ಸಲ ಹಲ್ಲು ಕಚ್ಚಬೇಡಿ, ಬಾಯಿ ಸ್ವಲ್ಪ ತೆರೆಯಿರಿ ಎನ್ನುತ್ತಿದ್ದೆವೋ ಲೆಕ್ಕವಿಲ್ಲ. ಮೊಮ್ಮಗ ಜಾಣ. ಯಾವುದಕ್ಕೆ ಕಾರು ಓಡುತ್ತದೆ ಎಂದು ಹತ್ತು ನಿಮಿಷದಲ್ಲಿ ಕಂಡುಕೊಂಡಿದ್ದ. ಆದರೆ ಅವನು ಕಲಿತದ್ದು ಹಲ್ಲು ಕಚ್ಚುವುದನ್ನು.

ನಾನು ಮೆಲ್ಲಗೆ, 'ಪುಟ್ಟಾ, ಬಾಯಿ ಸಡಿಲ ಬಿಡು' ಎಂದೆ. ಬಿಟ್ಟ. ಕಾರು ನಿಂತಿತು. ಅವನ ಮುಖ ಬಾಡಿತು. 'ಅಜ್ಜಿ, ನಾನು ಸೋತೆನಾ?' ಎಂದು ಕೇಳಿದ.

ಹುಡುಗಿಗೆ ನಾನು ವಿಷಯ ಹೇಳಿದೆ. ಮೂಲ ಗೆರೆಗಳನ್ನು ಒಂದು ಸಲ ತೋರಿಸಮ್ಮಾ ಎಂದೆ. ಅವಳಿಗೆ ಅದು ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಮೂರು ವಾರದ ತರಬೇತಿ ಕೊಟ್ಟಿದ್ದಾರಂತೆ. ಗೆರೆ ನೋಡುವುದನ್ನು ಯಾರೂ ಕಲಿಸಿರಲಿಲ್ಲ.

ಹೊರಗೆ ಬಂದಾಗ ಅವಳ ಮೇಲಿನವರು ಬಣ್ಣದ ರಿಪೋರ್ಟ್ ತೋರಿಸಿದರು. ಬ್ರೇನ್ ಮ್ಯಾಪ್ ಅಂತೆ. ಹಣೆಯ ಭಾಗ ಕೆಂಪಗಿತ್ತು. ಇಲ್ಲಿ ನಿಧಾನದ ಅಲೆ ಜಾಸ್ತಿ, ಇದೇ ತೊಂದರೆ ಎಂದರು. ಕಣ್ಣು ಮಿಟುಕಿಸಿದರೆ ಹಣೆಯ ಎಲೆಕ್ಟ್ರೋಡಿನಲ್ಲಿ ದೊಡ್ಡ ನಿಧಾನದ ಅಲೆ ಬರುತ್ತದೆ, ಇಇಜಿ ಕಲಿಯುವವರ ಮೊದಲ ಪಾಠವೇ ಅದು. ಒಂಬತ್ತು ವರ್ಷದ ಹುಡುಗ ಎಷ್ಟು ಸಲ ಕಣ್ಣು ಮಿಟುಕಿಸಿರಬಹುದು? ಅದನ್ನು ತೆಗೆದು ಲೆಕ್ಕ ಹಾಕಿದ್ದೀರಾ ಎಂದು ಕೇಳಿದೆ. ಸಾಫ್ಟ್‌ವೇರ್ ಎಲ್ಲ ನೋಡಿಕೊಳ್ಳುತ್ತದೆ ಮೇಡಂ ಎಂದರು.

ಇಷ್ಟಾದರೂ 22 ಸಿಟಿಂಗ್‌ವರೆಗೆ ಹೋದೆವು. ಒಂದು ಸತ್ಯವನ್ನು ನಾನು ಮುಚ್ಚಿಡುವುದಿಲ್ಲ. ಮೊಮ್ಮಗ ಸ್ವಲ್ಪ ಸುಧಾರಿಸಿದ. ಹೋಂವರ್ಕಿಗೆ ಕೂತರೆ ಮೊದಲಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದ. 'ಅಮ್ಮಾ, ನೀನು ಏನೇ ಹೇಳು, ಗುಣ ಕಾಣ್ತಿದೆ' ಎಂದು ಮಗಳು ಹೇಳುತ್ತಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಆ ಎರಡು ತಿಂಗಳಲ್ಲಿ ಮನೆಯಲ್ಲಿ ಬೇರೆ ಏನೇನು ಬದಲಾಗಿತ್ತು ನೋಡಿ. ಬೆಳಗ್ಗೆ ಏಳಕ್ಕೆ ಸಿಟಿಂಗ್ ಇದ್ದುದರಿಂದ ಅವನು ರಾತ್ರಿ ಒಂಬತ್ತಕ್ಕೆ ಮಲಗತೊಡಗಿದ. ಮೊದಲು ಹನ್ನೊಂದಾಗುತ್ತಿತ್ತು. ವಾರಕ್ಕೆ ಮೂರು ದಿನ ಅಮ್ಮನ ಸ್ಕೂಟರಿನಲ್ಲಿ ಅವನೊಬ್ಬನೇ, ತಂಗಿಯ ಗಲಾಟೆ ಇಲ್ಲ, ಹೋಗುವಾಗ ಬರುವಾಗ ಮಾತು. ಅಲ್ಲಿ 40 ನಿಮಿಷ ಬೈಯದೆ, ಭೇಷ್ ಎನ್ನುತ್ತಾ ಒಬ್ಬರು ಪಕ್ಕದಲ್ಲಿ ಕೂರುತ್ತಿದ್ದರು. ಶಾಲೆಯಲ್ಲಿ ಅವನಿಗೆ ಅದು ಸಿಕ್ಕಿರಲೇ ಇಲ್ಲ.

ಇದು ನನ್ನ ಊಹೆ ಮಾತ್ರ ಅಲ್ಲ. ಅಮೆರಿಕದಲ್ಲಿ ಎ.ಡಿ.ಎಚ್.ಡಿ. (ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ) ಇರುವ, 7ರಿಂದ 10 ವರ್ಷದ 144 ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. 2021ರಲ್ಲಿ ಪ್ರಕಟವಾಗಿದೆ. ಒಂದು ಗುಂಪಿನ ಮಕ್ಕಳಿಗೆ ನಿಜವಾದ ನ್ಯೂರೋಫೀಡ್‌ಬ್ಯಾಕ್. ಇನ್ನೊಂದು ಗುಂಪಿಗೂ ಅದೇ ಆಟ, ಅದೇ ಕೋಣೆ. ಆದರೆ ಪರದೆಯನ್ನು ಓಡಿಸುತ್ತಿದ್ದುದು ಬೇರೆ ಮಗುವಿನಿಂದ ಮೊದಲೇ ದಾಖಲಿಸಿದ್ದ ಇಇಜಿ. ಯಾರು ಯಾವ ಗುಂಪು ಎಂದು ಮಕ್ಕಳಿಗೂ ಗೊತ್ತಿಲ್ಲ, ತಂದೆತಾಯಿಗೂ ಗೊತ್ತಿಲ್ಲ, ಮಾಡಿಸುವವರಿಗೂ ಗೊತ್ತಿಲ್ಲ. 38 ಸಿಟಿಂಗ್ ಮುಗಿದ ಮೇಲೆ ನೋಡಿದರೆ ಎರಡೂ ಗುಂಪಿನ ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು. ನಿಜದ ಗುಂಪು ಹೆಚ್ಚು, ತೋರಿಕೆಯ ಗುಂಪು ಕಡಿಮೆ ಎಂಬ ವ್ಯತ್ಯಾಸ ಸಿಗಲಿಲ್ಲ. ಇದನ್ನು ಓದಿದ ದಿನ ಕೆಂಪು ಕಾರಿನ ಕೋಣೆಯೇ ನನ್ನ ಕಣ್ಣ ಮುಂದೆ ಬಂತು. ಆ ಮಕ್ಕಳಿಗೂ ಯಾರೋ ಪಕ್ಕದಲ್ಲಿ ಕೂತು ಭೇಷ್ ಅಂದಿರುತ್ತಾರೆ, ಅಲ್ವಾ?

ನಿದ್ದೆ ಬಾರದವರ ಮೇಲೂ ಹೀಗೆ ಆಗಿದೆ. ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಮಾಡಿದ ಅಧ್ಯಯನ 2017ರಲ್ಲಿ ಬಂತು. ನಿಜದ್ದಕ್ಕೂ ತೋರಿಕೆಯದ್ದಕ್ಕೂ ಭೇದ ಕಾಣಲಿಲ್ಲ. ಎ.ಡಿ.ಎಚ್.ಡಿ. ಬಗ್ಗೆ ಅಲ್ಲಲ್ಲಿ ನಡೆದ 38 ಅಧ್ಯಯನಗಳನ್ನು, ಸುಮಾರು 2,500 ಜನರ ವಿವರವನ್ನು ಒಟ್ಟು ಹಾಕಿ ನೋಡಿದ ಲೇಖನವೊಂದು 2024ರ ಕೊನೆಗೆ ಪ್ರಕಟವಾಯಿತು. ಯಾರಿಗೆ ಯಾವ ಚಿಕಿತ್ಸೆ ಎಂದು ಗೊತ್ತಿಲ್ಲದವರು ಕೊಟ್ಟ ಅಂಕಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಾಗ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಮಾನಸಿಕ ಆಘಾತಕ್ಕೆ ಒಳಗಾಗಿ ವರ್ಷಗಟ್ಟಲೆ ನರಳುವವರ ಮೇಲೆ 2016ರಲ್ಲಿ ಮಾಡಿದ 52 ಜನರ ಅಧ್ಯಯನದಲ್ಲಿ ಒಳ್ಳೆಯ ಫಲ ಬಂದಿತ್ತು. ಆದರೆ ಅಲ್ಲಿ ಹೋಲಿಸಿದ್ದು ಸುಮ್ನೆ ಕಾಯುತ್ತಿದ್ದವರ ಜೊತೆ. ತೋರಿಕೆಯ ಚಿಕಿತ್ಸೆಯ ಜೊತೆ ಅಲ್ಲ.

ಇವೆಲ್ಲ ಗುಟ್ಟಿನ ವಿಷಯಗಳಲ್ಲ. ಯಂತ್ರ ಮಾರುವವರಿಗೂ ಕೇಂದ್ರ ನಡೆಸುವವರಿಗೂ ತಿಳಿದಿರಲೇಬೇಕು. 48,000 ರೂಪಾಯಿ ಕಟ್ಟಿಸಿಕೊಳ್ಳುವ ಮೊದಲು ಇದರಲ್ಲಿ ಒಂದು ಸಾಲನ್ನಾದರೂ ನನ್ನ ಮಗಳಿಗೆ ಹೇಳಬೇಕಿತ್ತು. ಕೇಳಿ, ತಿಳಿದು, ಆಮೇಲೂ ಅವಳು ಕಟ್ಟುತ್ತೇನೆ ಎಂದಿದ್ದರೆ ಅದು ಅವಳ ಇಷ್ಟ. ಉಳಿದ 18 ಸಿಟಿಂಗ್‌ಗಳ ದುಡ್ಡು ಕೇಳಿದರೆ ಪ್ಯಾಕೇಜ್‌ಗೆ ವಾಪಸ್ ಇಲ್ಲ ಎಂದರು. ಆ ದುಡ್ಡಿಗಿಂತ ನನಗೆ ಬೇಸರ ಬೇರೆಯದಕ್ಕೆ. ಮಕ್ಕಳ ಮನೋವೈದ್ಯರ ಹತ್ತಿರ ಹೋಗುವುದು ಐದು ತಿಂಗಳು ತಡವಾಯಿತು. ಈಗ ಹೋಗುತ್ತಿದ್ದೇವೆ. ತಂದೆತಾಯಿಗೆ ಕೂರಿಸಿ ಹೇಳಿಕೊಟ್ಟರು, ಶಾಲೆಗೆ ಪತ್ರ ಕೊಟ್ಟರು, ಸಣ್ಣ ಪ್ರಮಾಣದ ಮಾತ್ರೆಯೂ ಇದೆ. ಅವನೀಗ ಮೊದಲ ಬೆಂಚು. ಡೈರಿಯಲ್ಲಿ ದೂರು ಬರುವುದು ನಿಂತಿಲ್ಲ, ಕಡಿಮೆಯಾಗಿದೆ.

ಇನ್ನು ಫಿಟ್ಸ್ ವಿಷಯ. ಈ ಪತ್ರ ಬರೆಯಲು ನಿಜವಾದ ಕಾರಣ ಅದೇ.

ಹದಿನೈದನೆಯದೋ ಹದಿನಾರನೆಯದೋ ಸಿಟಿಂಗ್ ಇರಬೇಕು. ಹೊರಗೆ ಬೆಂಚಿನ ಮೇಲೆ ಹರಪನಹಳ್ಳಿ ಕಡೆಯ ಒಬ್ಬರು ಮಗಳ ಜೊತೆ ಕೂತಿದ್ದರು. ಹುಡುಗಿಗೆ ಹತ್ತೊಂಬತ್ತು ಇಪ್ಪತ್ತು ಇರಬಹುದು. ಮಡಿಲಲ್ಲಿ ಬಟ್ಟೆ ಅಂಗಡಿಯ ಕೈಚೀಲ, ಅದರಲ್ಲಿ ಸುರುಳಿ ಸುತ್ತಿದ ಹಳೆಯ ಇಇಜಿ ಕಾಗದ. ಆ ಕಾಗದವನ್ನು ದೂರದಿಂದಲೇ ಗುರುತು ಹಿಡಿದೆ, ಅದಕ್ಕೇ ಮಾತಾಡಿಸಿದೆ. ಎಂಟು ವರ್ಷದಿಂದ ಫಿಟ್ಸ್. ಮಾತ್ರೆ ಶುರುವಾದ ಮೇಲೆ ಎರಡು ವರ್ಷದಿಂದ ಬಂದಿಲ್ಲ. ಆದರೆ ಮದುವೆ ಮಾತು ನಡೆಯುತ್ತಿದೆ. ಮಾತ್ರೆ ನುಂಗುವುದನ್ನು ಗಂಡಿನ ಕಡೆಯವರು ನೋಡಿದರೆ ಏನು ಗತಿ ಎಂದು ತಂದೆಗೆ ಚಿಂತೆ. ಇಲ್ಲಿ ಹತ್ತು ಸಿಟಿಂಗ್ ಆದ ಮೇಲೆ ಮಾತ್ರೆ ಮೆಲ್ಲಗೆ ಇಳಿಸಬಹುದು ಎಂದು ಹೇಳಿದ್ದಾರಂತೆ. 'ಮೇಡಂ, ಒಂದು ಹೊತ್ತಿನದು ಈಗ್ಲೇ ಬಿಡಿಸೀನಿ' ಎಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಎಷ್ಟು ಸಮಾಧಾನ ಇತ್ತೆಂದರೆ, ನನಗೆ ಎದೆ ಧಸಕ್ಕೆಂದಿತು.

ಫಿಟ್ಸ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಏನಾಗುತ್ತದೆ ಎಂದು ನಾನು ನೋಡಿದ್ದೇನೆ. ಹರಕೆ ಹೊತ್ತು ಮಾತ್ರೆ ನಿಲ್ಲಿಸಿ, ಒಲೆಯ ಮುಂದೆ ಬಿದ್ದು, ಮೊಣಕೈವರೆಗೆ ಸುಟ್ಟುಕೊಂಡ ಹೆಣ್ಣುಮಗಳ ತಲೆಗೆ ಎಲೆಕ್ಟ್ರೋಡ್ ಕೂರಿಸಿದ್ದೇನೆ. ಒಂದರ ಮೇಲೊಂದು ಫಿಟ್ಸ್ ಬಂದು ಎಚ್ಚರವೇ ಆಗದ ಸ್ಥಿತಿಯಲ್ಲಿ ತಂದವರಲ್ಲಿ ಎಲ್ಲರೂ ಮನೆಗೆ ವಾಪಸ್ ಹೋಗಿಲ್ಲ. ಸರಿಯಾದ ಮಾತ್ರೆ ಸರಿಯಾಗಿ ತೆಗೆದುಕೊಂಡರೆ 100ರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹುಡುಗಿ ಆ 70ರಲ್ಲಿ ಒಬ್ಬಳು. ಮಾತ್ರೆ ಕಡಿಮೆ ಮಾಡುವ ಕಾಲವೂ ಬರಬಹುದು. ಆದರೆ ಅದನ್ನು ಹೇಳಬೇಕಾದವರು ಮಾತ್ರೆ ಬರೆದ ವೈದ್ಯರು. ಇಇಜಿ ನೋಡಿ, ಎಷ್ಟು ವರ್ಷದಿಂದ ಬಂದಿಲ್ಲ ಎಂದು ಲೆಕ್ಕ ಹಾಕಿ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ.

ಹಾಗಾಗಿ ಜಿಲ್ಲಾಡಳಿತಕ್ಕೆ ನನ್ನ ಮನವಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಇಂಥ ಕೇಂದ್ರಗಳು ಆ ಕಾಯ್ದೆಯಡಿ ನೋಂದಣಿ ಆಗಿವೆಯೇ, ಇಲ್ಲಾ ವೆಲ್‌ನೆಸ್ ಎಂಬ ಬೋರ್ಡ್ ಹಾಕಿಕೊಂಡು ಹೊರಗೆ ಉಳಿದಿವೆಯೇ ಎಂದು ಒಂದು ಸಲ ಹೋಗಿ ನೋಡಲಿ. ಚಿಕಿತ್ಸೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಅದು ಗೋಡೆಯ ಮೇಲೆ ಕಾಣಬೇಕು. ಈ ಕಾಯಿಲೆಗೆ ಇದರಿಂದ ಎಷ್ಟು ಉಪಯೋಗ ಸಾಬೀತಾಗಿದೆ, ಎಷ್ಟು ಆಗಿಲ್ಲ ಎಂದು ಕನ್ನಡದಲ್ಲಿ ಒಂದು ಪುಟ ಬರೆದು, ಓದಿಸಿ, ಸಹಿ ಹಾಕಿಸಿಕೊಂಡ ಮೇಲೆಯೇ ದುಡ್ಡು ಮುಟ್ಟಲಿ. ದುಡ್ಡನ್ನೂ ಸಿಟಿಂಗ್ ಲೆಕ್ಕದಲ್ಲಿ ತೆಗೆದುಕೊಳ್ಳಲಿ. ಮಾತ್ರೆಯ ವಿಷಯಕ್ಕೆ ಅವರು ಕೈ ಹಾಕಲೇಬಾರದು.

ನಿಮಗೂ ಒಂದು ಮಾತು, ಸಂಪಾದಕರೇ. ಕರಪತ್ರವನ್ನು ಪತ್ರಿಕೆಯೊಳಗೆ ಇಡುವವರು ಏಜೆಂಟರು, ಅದು ನಿಮ್ಮ ಕೈಯಲ್ಲಿ ಇಲ್ಲದೆ ಇರಬಹುದು. ಆದರೆ ಮನೆಯವರು ನಂಬುವುದು ಅದು ನಿಮ್ಮ ಪತ್ರಿಕೆಯ ಜೊತೆ ಬಂತು ಎಂದು. ನನ್ನ ಮಗಳು ನಂಬಿದ್ದೂ ಹಾಗೆಯೇ. ಕಾಯಿಲೆ ವಾಸಿ ಮಾಡುತ್ತೇವೆ ಎನ್ನುವ ಕರಪತ್ರವನ್ನಾದರೂ ಒಳಗಿಡಬೇಡಿ ಎಂದು ಅವರಿಗೆ ಹೇಳಿ. ಸಾಧ್ಯವಾದರೆ ಜಿಲ್ಲಾ ಪುಟದ ಮೂಲೆಯಲ್ಲಿ 14416 ಎಂಬ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಸಂಖ್ಯೆ ದಿನಾ ಹಾಕಿ. ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ನನ್ನ ಮಗಳು ಅಡುಗೆಮನೆಯಲ್ಲಿ ಅಳುತ್ತಿದ್ದಾಗ ಆ ನಂಬರ್ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ, ಆ ಹರಪನಹಳ್ಳಿ ಕಡೆಯ ತಂದೆಗೆ. ಅಂದು ಒಳಗಿನಿಂದ ನಿಮ್ಮನ್ನು ಕರೆದರು, ನಮ್ಮ ಮಾತು ಅರ್ಧಕ್ಕೆ ನಿಂತಿತು. ನಿಮ್ಮ ಫೋನ್ ನಂಬರ್ ಕೇಳದೆ ಬಂದೆ. ಆಮೇಲೆ ಎರಡು ದಿನ ಅದೇ ಹೊತ್ತಿಗೆ ಹೋಗಿ ಕಾದೆ, ನೀವು ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲೋ ಚಹಾ ಅಂಗಡಿಯಲ್ಲೋ ಈ ಪತ್ರಿಕೆ ನಿಮ್ಮ ಕಣ್ಣಿಗೆ ಬಿದ್ದರೆ ಕೇಳಿ. ಬಿಡಿಸಿದ ಮಾತ್ರೆಯ ವಿಷಯವನ್ನು ಮಾತ್ರೆ ಬರೆದ ಡಾಕ್ಟರಿಗೆ ಇವತ್ತೇ ತಿಳಿಸಿ, ಅವರು ಹೇಳಿದಂತೆ ಮತ್ತೆ ಶುರು ಮಾಡಿ. ಅವರು ಸಿಗದಿದ್ದರೆ ತಾಲೂಕು ಆಸ್ಪತ್ರೆಗೆ ಹೋಗಿ. ಚೀಲದಲ್ಲಿದ್ದ ಆ ಹಳೆಯ ಇಇಜಿ ಕಾಗದ ಜೊತೆಗಿರಲಿ. ಮದುವೆ ಮಾತಾಡಲು ಬಂದವರು ಇಇಜಿ ಎಂದರೇನು, ಫಿಟ್ಸ್ ಎಂದರೇನು ಎಂದು ಕೇಳಿದರೆ, ಅವರ ಮನೆಗೇ ಬಂದು ಕೂತು ವಿವರಿಸಲು ನಾನು ತಯಾರಿದ್ದೇನೆ. ನನ್ನ ವಿಳಾಸ ಸಂಪಾದಕರ ಹತ್ತಿರ ಇದೆ.

ನಿವೃತ್ತ ಇಇಜಿ ಟೆಕ್ನಿಷಿಯನ್, ದಾವಣಗೆರೆ

(ಮೊಮ್ಮಗನ ಶಾಲೆಯಲ್ಲಿ ಅವನನ್ನು ಯಾರೂ ಬೊಟ್ಟು ಮಾಡಿ ತೋರಿಸುವುದು ಬೇಡ. ಅದಕ್ಕಾಗಿ ನನ್ನ ಹೆಸರು ಪ್ರಕಟಿಸಬೇಡಿ.)